ಗುಣವಾದ ಕಾಲು

ಕಡಬದ ಪೇಟೆಯಲ್ಲಿ ಅದ್ದು ಬ್ಯಾರಿಯ ಚಾ ಹೋಟೆಲಿಗೆ ಬರುವವರಿಗೆಲ್ಲ ಅಲ್ಲಿಯ ಅಕ್ಕಿರೊಟ್ಟಿ ಗೊತ್ತಿತ್ತು, ರೊಟ್ಟಿ ಸುಡುವವಳು ಗೊತ್ತಿರಲಿಲ್ಲ. ಅದ್ದುವಿನ ಹೆಂಡತಿ ಮೈಮೂನಾ ಹಿಂದಿನ ಕೋಣೆಯಲ್ಲಿ, ಸೊಂಟದೆತ್ತರದ ಕೆಂಪುಕಲ್ಲಿನ ಕಟ್ಟೆಯ ಮೇಲಿನ ಒಲೆಯ ಮುಂದೆ ನಿಂತಿರುತ್ತಿದ್ದಳು. ಬೆಳಗ್ಗೆ ನಿಂತವಳು ಮಸೀದಿಯ ಮಧ್ಯಾಹ್ನದ ಬಾಂಗಿನ ಹೊತ್ತಿಗೂ ನಿಂತೇ ಇರುತ್ತಿದ್ದಳು. ಬೇರೆ ಮನೆಗಳ ಹೆಂಗಸರು ನೆಲದ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆಂಕಿ ಊದುತ್ತಿದ್ದ ಕಾಲ ಅದು. ಮೈಮೂನಾ ಹಾಗೆ ಕೂರದೆ ಎಷ್ಟೋ ವರ್ಷವಾಗಿತ್ತು. ಅವಳ ಬಲತೊಡೆ ಸೊಂಟಕ್ಕೆ ಸೇರುವಲ್ಲಿ ಕೀಲು ಎಂಬುದೇ ಇರಲಿಲ್ಲ, ಎರಡು ಎಲುಬು ಕೂಡಿ ಒಂದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ. ಡಾಕ್ಟರುಗಳೇ ಹಾಗೆ ಮಾಡಿದ್ದು, ಅವಳ ಒಳ್ಳೆಯದಕ್ಕೆ.

ಅವಳ ಬಾಪ ಕುಂಞಿ ಮೋನು ಪುತ್ತೂರಿನ ಸೋಮವಾರದ ಸಂತೆಯಲ್ಲಿ ಒಣಮೀನು ಮಾರುತ್ತಿದ್ದವನು. ಮೈಮೂನಾ ಹತ್ತು ವರ್ಷದವಳಾಗಿದ್ದಾಗ ಮದ್ರಸದಿಂದ ಬರುವ ದಾರಿಯಲ್ಲಿ ಕಾಲೆಳೆಯಲು ಸುರು ಮಾಡಿದಳು. ಎಲ್ಲಿ ನೋವು ಎಂದು ಕೇಳಿದರೆ ಮೊಣಕಾಲು ತೋರಿಸುತ್ತಿದ್ದಳು. ಹಾಗಾಗಿ ಅವಳ ಉಮ್ಮ ಕದೀಜಮ್ಮ ತಿಂಗಳುಗಟ್ಟಲೆ ಮೊಣಕಾಲಿಗೇ ಎಣ್ಣೆ ತಿಕ್ಕಿದಳು. ಹುಡುಗಿ ನಿದ್ದೆಯಲ್ಲಿ ಚೀರಿ ಏಳತೊಡಗಿದಾಗ, ಏನನ್ನೋ ಕಂಡು ಹೆದರಿರಬೇಕೆಂದು ಮದ್ರಸದ ಉಸ್ತಾದರು ನೂಲು ಮಂತ್ರಿಸಿ ಕೊಟ್ಟರು. ತೊಡೆಯ ಮೇಲ್ಭಾಗದಲ್ಲಿ ಬಾವು ಎದ್ದು, ಮುಟ್ಟಿದರೆ ಮೆತ್ತಗೆ ಆದಾಗಲೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ದದ್ದು.

"ಎಲುಬಿನ ಕ್ಷಯ" ಎಂದರು ಡಾಕ್ಟರು.

ಕುಂಞಿ ಮೋನುವಿಗೆ ಕ್ಷಯವೆಂದರೆ ಕೆಮ್ಮು. "ಇವಳು ಕೆಮ್ಮುದೇ ಇಲ್ಲ ಡಾಕ್ಟ್ರೆ" ಎಂದ. ರೋಗ ಬರಿಯ ಶ್ವಾಸಕೋಶದಲ್ಲಿ ಕೂರುವುದಿಲ್ಲ, ಎಲುಬಿನ ಸಂದಿನಲ್ಲೂ ಕೂತು ತಿನ್ನುತ್ತದೆ ಎಂದು ಅವರು ತಾಳ್ಮೆಯಿಂದ ಹೇಳಿದರು. ಹೊಸ ಇಂಜೆಕ್ಷನ್ ಬಂದಿತ್ತು, ಅದನ್ನು ಚುಚ್ಚಿದರು. ಕಾಲಿಗೆ ಭಾರ ಕಟ್ಟಿ ತೂಗುಹಾಕಿ ಮಲಗಿಸಿದರು, ಮನೆಗೆ ಕಳಿಸಿದರು, ಮತ್ತೆ ಕರೆಸಿದರು. ಹೀಗೆ ಎರಡು ವರ್ಷ ಹೋಯಿತು. ಕೊನೆಗೆ ಐವತ್ತೊಂದನೇ ಇಸವಿಯಲ್ಲಿ ಆಪರೇಷನ್ ಎಂದಾಯಿತು. ಕೀಲು ಅಲುಗಾಡುವವರೆಗೆ ರೋಗ ಕೆರಳುತ್ತಲೇ ಇರುತ್ತದೆ. ಮೊಣಕಾಲಿನ ಕೆಳಗಿನಿಂದ ಒಂದು ಚೂರು ಎಲುಬು ತೆಗೆದು ಸೊಂಟಕ್ಕೂ ತೊಡೆಗೂ ನಡುವೆ ಕೂರಿಸಿ ಎರಡನ್ನೂ ಬೆಸೆದುಬಿಟ್ಟರೆ ನೋವೂ ನಿಲ್ಲುತ್ತದೆ, ರೋಗವೂ ನಿಲ್ಲುತ್ತದೆ.

"ಮತ್ತೆ ನಡೆಯುವಳಾ?" ಕುಂಞಿ ಮೋನು ಕೇಳಿದ.

"ಚೆನ್ನಾಗಿ ನಡೆಯುತ್ತಾಳೆ."

ಅವನ ಕಣ್ಣಲ್ಲಿ ನೀರು ಬಂತು. ಕೂರುವ ವಿಚಾರವನ್ನು ಅವನೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ. ಸಾಯಬಹುದೆಂದು ಹೆದರಿದ್ದ ಮಗುವಿನ ವಿಷಯದಲ್ಲಿ ಅಂಥ ಪ್ರಶ್ನೆ ಯಾರಿಗೂ ಹೊಳೆಯುವಂಥದ್ದಲ್ಲ.

ಆಪರೇಷನ್ ಆದ ಮೇಲೆ ಎದೆಯಿಂದ ಕಾಲಿನ ಬೆರಳುಗಳವರೆಗೆ ಸುಣ್ಣದಂಥ ಪ್ಲಾಸ್ಟರು. ಒಂದು ಮಳೆಗಾಲ ಪೂರ್ತಿ ಅವಳು ಆ ಚಿಪ್ಪಿನೊಳಗೆ ಅಂಗಾತ ಬಿದ್ದಿದ್ದಳು. ಒಳಗೆ ತುರಿಸಿದರೆ ಕೆರೆದುಕೊಳ್ಳುವ ಹಾಗಿಲ್ಲ, ಮಗ್ಗುಲಾಗುವ ಹಾಗಿಲ್ಲ. ಪಕ್ಕದ ಮಂಚದಲ್ಲಿ ಕಲ್ಲುಗುಂಡಿಯ ಗೌಡರ ಮನೆಯ ಶೀಲಾವತಿ ಎಂಬ ಹುಡುಗಿ, ಅದೇ ರೋಗ, ಅದೇ ಆಪರೇಷನ್, ಅದೇ ಪ್ಲಾಸ್ಟರು. ಇಬ್ಬರಿಗೂ ಕತ್ತು ತಿರುಗಿಸುವುದು ಕಷ್ಟ. ಹೆಂಚಿನ ಮಾಡನ್ನು ನೋಡುತ್ತಲೇ ತುಳುವಿನಲ್ಲಿ ಮಾತಾಡುತ್ತಿದ್ದರು. ಒಬ್ಬಳ ಮನೆಮಾತು ಬ್ಯಾರಿ, ಇನ್ನೊಬ್ಬಳದು ಅರೆಭಾಷೆ, ನಡುವೆ ತುಳು. ಮುಖಕ್ಕಿಂತ ಹೆಚ್ಚಾಗಿ ಅವರು ಒಬ್ಬರಿಗೊಬ್ಬರು ಸ್ವರವಾಗಿಯೇ ಪರಿಚಯವಾದದ್ದು. ಶೀಲಾವತಿಗೆ ಯಾವಾಗಲೂ ಹಸಿವು. ಪಯಸ್ವಿನಿಯ ಮೀನು, ಕೆಸುವಿನ ಪತ್ರೊಡೆ ಎಂದು ತಿನ್ನುವುದರ ಮಾತೇ ಆಡುತ್ತಿದ್ದಳು. ಅವಳನ್ನು ಮೊದಲು ಮನೆಗೆ ಕರೆದೊಯ್ದರು. ಹೋಗುವಾಗ ಇಬ್ಬರೂ ಅತ್ತರು, ಆಮೇಲೆ ಮರೆತರು.

ಪ್ಲಾಸ್ಟರು ಒಡೆದಾಗ ಒಳಗಿಂದ ಬಂದ ಕಾಲು ಒಣಗಿದ ಕೋಲಿನ ಹಾಗಿತ್ತು. ಆದರೆ ನೋವಿರಲಿಲ್ಲ. ಊರುಗೋಲು ಹಿಡಿದು ನಿಂತಳು, ಆಮೇಲೆ ಅದನ್ನೂ ಬಿಟ್ಟಳು. ಪುತ್ತೂರಿಗೆ ಬಂದ ದಿನ ಕದೀಜಮ್ಮ ತುಪ್ಪದ ನೈಚೋರು ಮಾಡಿ ನೆರೆಯವರನ್ನೆಲ್ಲ ಕರೆದಿದ್ದಳು. ಚಾಪೆ ಹಾಸಿ ನಡುವೆ ದೊಡ್ಡ ತಳಿಗೆ ಇಟ್ಟರು, ಹೆಂಗಸರೂ ಮಕ್ಕಳೂ ಸುತ್ತ ಕೂತರು. ಮೈಮೂನಾ ಕೂರಲು ಹೋದಳು. ಎಡಗಾಲು ಮಡಚಿತು, ಬಲಗಾಲು ಮುಂದಕ್ಕೆ ಚಾಚಿಯೇ ಇತ್ತು, ಮೈ ಹಿಂದಕ್ಕೆ ವಾಲಿ ಬಿದ್ದಳು. ಒಬ್ಬಳು ನಕ್ಕಳು. ಕದೀಜಮ್ಮ ಓಡಿ ಬಂದು ಎತ್ತಿದಳು, ಮತ್ತೆ ಕೂರಿಸಿ ನೋಡಿದಳು, ಕಾಲನ್ನು ಒತ್ತಿ ನೋಡಿದಳು. ಬಾಗಿಲ ಬಳಿ ನಿಂತಿದ್ದ ಕುಂಞಿ ಮೋನುವಿಗೆ ಆಗ ಅರ್ಥವಾಯಿತು. ಅವನು ಹೊರಗೆ ಹೋಗಿ ಜಗಲಿಯಲ್ಲಿ ನಿಂತ. ಮೈಮೂನಾ ಅಕ್ಕಿಪೆಟ್ಟಿಗೆಯ ಮೇಲೆ ಬಟ್ಟಲಿಟ್ಟುಕೊಂಡು ನಿಂತು ಉಂಡಳು. ಅವತ್ತಿಗೆ ಮಾತ್ರ ಹಾಗೆ ಎಂದುಕೊಂಡಿದ್ದಳು.

ಸ್ವಲ್ಪ ದಿನ ಕಳೆದು ಕುಂಞಿ ಮೋನು ಮಾಯಿಲಪ್ಪ ಎಂಬ ಕಲ್ಲುಕಟ್ಟುವವನನ್ನು ಕರೆಸಿದ. ಹುಡುಗಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅವಳ ಮೊಣಕೈಯ ಎತ್ತರ ನೋಡಿ, ಮಾಯಿಲಪ್ಪ ಒಲೆಗೆ ಕಟ್ಟೆ ಕಟ್ಟಿದ.

"ಬೆಳೆಯುವ ಹುಡುಗಿಯಲ್ವಾ ಬ್ಯಾರಿಗಳೇ, ಇನ್ನೊಂದು ಸಾಲು ಕಲ್ಲು ಇಡುವ" ಎಂದ.

ಹುಡುಗಿ ಬೆಳೆದಳು. ಬಲಗಾಲು ಅಷ್ಟಾಗಿ ಬೆಳೆಯಲಿಲ್ಲ. ನಡೆಯುವಾಗ ಒಂದು ಕಡೆಗೆ ಇಡೀ ಮೈಯನ್ನೇ ಎತ್ತಿ ಹಾಕಬೇಕಾಗುತ್ತಿತ್ತು. ಬಲಪಾದ ಅವಳ ಕೈಗೆ ಎಟಕುತ್ತಿರಲಿಲ್ಲ. ನಮಾಜಿಗೆ ಮುಂಚೆ ಕಾಲು ತೊಳೆಯುವಾಗ ಬಲಪಾದಕ್ಕೆ ಚೊಂಬಿನಿಂದ ನೀರು ಬಿಟ್ಟು ಎಡಪಾದದಿಂದ ಉಜ್ಜುತ್ತಿದ್ದಳು. ಸುಜೂದಿಗೆ ಹಣೆ ನೆಲ ಮುಟ್ಟುವುದಿಲ್ಲವೆಂದು ಮೊದಮೊದಲು ಅತ್ತಿದ್ದಳು. ಎತ್ತರದ ಮಣೆಯ ತುದಿಯಲ್ಲಿ ಆನಿಕೊಂಡು ತಲೆ ಬಾಗಿಸಿದರೆ ಸಾಕು, ಅಲ್ಲಾಹು ಕಾಲು ನೋಡುವುದಿಲ್ಲ ಎಂದು ಉಸ್ತಾದರು ಹೇಳಿದ ಮೇಲೆ ಅಳುವುದನ್ನು ಬಿಟ್ಟಳು. ಮದುವೆ ಮನೆಯಲ್ಲಿ ಹೆಂಗಸರೆಲ್ಲ ಚಾಪೆಯ ಮೇಲೆ ಸುತ್ತು ಕೂತು ಹಾಡುವಾಗ ಇವಳು ಬಾಗಿಲ ದಾರಂದಕ್ಕೆ ಒರಗಿ ನಿಂತಿರುತ್ತಿದ್ದಳು. "ಎಂತ ನಿಂತದ್ದು, ಕೂತ್ಕೊ" ಎಂದು ಹೊಸಬರು ಹೇಳುತ್ತಿದ್ದರು. ಸುರುವಿಗೆ ಕತೆಯನ್ನೆಲ್ಲ ಹೇಳುತ್ತಿದ್ದಳು. ಆಮೇಲಾಮೇಲೆ "ಪರವಾಗಿಲ್ಲ" ಎನ್ನುವುದನ್ನು ಕಲಿತಳು. ಗೊತ್ತಿಲ್ಲದವರು ಜಂಬದವಳು ಎಂದುಕೊಂಡರು. ತಿಳಿಸಿ ಹೇಳುವುದಕ್ಕಿಂತ ಅದೇ ಸುಲಭವಾಗಿ ಕಂಡಿತು.

ಇಪ್ಪತ್ತನೆಯ ವಯಸ್ಸಿಗೆ ಮದುವೆಯಾಯಿತು. ಬೇರೆ ಹುಡುಗಿಯರಿಗೆ ಅಷ್ಟರಲ್ಲಿ ಎರಡು ಮಕ್ಕಳಾಗಿರುತ್ತಿದ್ದವು. ಅದ್ದು ಹೆಂಡತಿ ಸತ್ತವನು, ಮಕ್ಕಳಿರಲಿಲ್ಲ, ಅವಳಿಗಿಂತ ಎಷ್ಟೋ ದೊಡ್ಡವನು. ಕಡಬದಲ್ಲಿ ಹೋಟೆಲು ಹಾಕಿದ್ದ. ಹೆಚ್ಚು ಮಾತಿನವನಲ್ಲ. ಮದುವೆಯಾಗಿ ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅವನು ಅವಳ ಬಲಗಾಲಿನ ಉಗುರುಗಳನ್ನು ನೋಡಿದ. ತವರಿನಲ್ಲಿ ಉಮ್ಮ ತೆಗೆದುಕೊಡುತ್ತಿದ್ದಳು, ಇಲ್ಲಿ ಯಾರಲ್ಲಿ ಹೇಳುವುದೆಂದು ಗೊತ್ತಾಗದೆ ಉದ್ದ ಬೆಳೆದಿದ್ದವು. ಅದ್ದು ಬ್ಲೇಡು ತಂದು ನೆಲದಲ್ಲಿ ಕೂತು, ಅವಳ ಕಾಲನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು ಒಂದೊಂದಾಗಿ ತೆಗೆದ. ಅವಳಿಗೆ ನಾಚಿಕೆಯಿಂದ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ನಿಮಗೆ ಗೊತ್ತಿತ್ತಾ, ನನ್ನ ಕಾಲು ಹೀಗೆ ಎಂದು?"

"ಗೊತ್ತಿತ್ತು. ಉಗುರಿನ ಸಂಗತಿ ಮಾತ್ರ ಯಾರೂ ಹೇಳಿರಲಿಲ್ಲ" ಎಂದ ಅದ್ದು.

ಪುತ್ತೂರಿನಿಂದ ಅದೇ ಮಾಯಿಲಪ್ಪನನ್ನು ಕರೆಸಿ ಕಡಬದಲ್ಲೂ ಒಲೆಯ ಕಟ್ಟೆ ಕಟ್ಟಿಸಿದ. ಅವತ್ತಿನಿಂದ ಹೋಟೆಲಿಗೆ ರೊಟ್ಟಿ ಸುಡುವುದು ಅವಳ ಕೆಲಸವಾಯಿತು.

ಮಗಳು ಹುಟ್ಟಿದಾಗ ಸೂಲಗಿತ್ತಿ ಹೆದರಿ ಕೈಬಿಟ್ಟಳು. ಎರಡು ಕಾಲನ್ನೂ ಮಡಚಿ ಅಗಲಿಸುವುದಕ್ಕೆ ಆಗದ ಹೆಂಗಸನ್ನು ಅವಳು ಕಂಡಿರಲಿಲ್ಲ. ಬಾಡಿಗೆ ಕಾರಿನಲ್ಲಿ ಪುತ್ತೂರಿಗೆ ಒಯ್ದರು. ಅಲ್ಲಿಯ ದಾದಿ ಎಡಮಗ್ಗುಲಿಗೆ ಮಲಗಿಸಿ, ಬಹಳ ಹೊತ್ತು ಒದ್ದಾಡಿ, ಹೆರಿಗೆ ಮಾಡಿಸಿದಳು. ಮಗುವಿಗೆ ಅದ್ದುವಿನ ಉಮ್ಮನ ಹೆಸರು, ಹವ್ವಮ್ಮ ಎಂದಿಟ್ಟರು. ನಮ್ಮ ಕಡೆ ಎಳೆಮಗುವನ್ನು ಮೀಯಿಸುವುದು ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಚಾಚಿದ ಎರಡು ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು. ಕದೀಜಮ್ಮ ಮೀಯಿಸುತ್ತಿದ್ದಳು, ಮೈಮೂನಾ ಬಿಸಿನೀರಿನ ಚೊಂಬು ಹಿಡಿದು ನಿಂತು ಕೊಡುತ್ತಿದ್ದಳು. ಮಗುವಿನ ಒದ್ದೆ ಮೈ ಉಮ್ಮನ ಕಾಲ ಮೇಲೆ ಜಾರುವುದನ್ನು ನೋಡುವಾಗ, ಮದುವೆ ಮನೆಗಳಲ್ಲಿ ಹಾಡದೆ ಉಳಿದ ಹಾಡುಗಳಿಗಾಗಿ ಬಾರದಿದ್ದ ಸಂಕಟ ಆಗ ಬಂತು.

ಆಮೇಲೆ ಬೆನ್ನುನೋವು ಸುರುವಾಯಿತು. ಕೀಲು ಮಾಡಬೇಕಾದ ಕೆಲಸವನ್ನೆಲ್ಲ ಇಷ್ಟು ವರ್ಷ ಸೊಂಟದ ಮೇಲಿನ ಬೆನ್ನೇ ಮಾಡಿಕೊಂಡು ಬಂದಿತ್ತು. ಮೊದಲು ಸಂಜೆ ಮಾತ್ರ ನೋಯುತ್ತಿದ್ದದ್ದು ಬೆಳಗ್ಗೆಯೂ ನೋಯತೊಡಗಿತು. ಬಲ ಮೊಣಕಾಲು ಒಳಕ್ಕೆ ವಾಲಿ ಸಡಿಲವಾಯಿತು. ಅರುವತ್ತೇಳನೇ ಇಸವಿಯ ಹೊತ್ತಿಗೆ ಅವಳು ರೊಟ್ಟಿ ತಟ್ಟುವಾಗ ಎಡಗೈಯಿಂದ ಕಟ್ಟೆಯನ್ನು ಹಿಡಿದುಕೊಳ್ಳಬೇಕಾಗುತ್ತಿತ್ತು. ಆಗ ಅವಳಿಗೆ ಇಪ್ಪತ್ತೆಂಟು. ಅಷ್ಟಕ್ಕೇ ಮುದುಕಿಯರ ಆಯಾಸ.

ಅದ್ದು ಹೋಟೆಲು ಮುಚ್ಚಿ ಅವಳನ್ನು ಮಂಗಳೂರಿನ ಆ ಆಸ್ಪತ್ರೆಗೇ ಕರೆದೊಯ್ದ. ಹಳೆಯ ಡಾಕ್ಟರು ಇರಲಿಲ್ಲ. ಹೊಸಬರು ಎಳೆಯ ಪ್ರಾಯದವರು, ಮೆತ್ತಗಿನ ಮಾತು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ಒಳ್ಳೆ ಕೂಡಿಕೊಂಡಿದೆ. ರೋಗದ ಗುರುತೇ ಇಲ್ಲ. ಬೆಳೆಯುವಾಗ ತೊಡೆ ಸ್ವಲ್ಪ ಒಳಕ್ಕೆ ಬಾಗಿದೆ, ಅಷ್ಟೇ. ನಿಮ್ಮದು ತುಂಬಾ ಚೆನ್ನಾಗಿ ಗುಣವಾದ ಕಾಲು" ಎಂದರು.

ಈ ಮಾತನ್ನು ಮೈಮೂನಾ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದಳು. ಗುಣವಾದ ಕಾಲಿನ ಬಗ್ಗೆ ದೂರು ಹೇಳುವುದು ಹೇಗೆ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಡಾಕ್ಟರು ಅವಳ ಮುಖ ನೋಡಿ ಎಕ್ಸ್‌ರೇ ಕೆಳಗಿಟ್ಟರು. "ನೆಲದಲ್ಲಿ ಕೂರಲಿಕ್ಕೆ ಆಗುದಿಲ್ಲ ಅಲ್ವಾ? ಕಕ್ಕಸಿಗೆ ಹೋಗುದು ಹೇಗೆ?"

ಇಷ್ಟು ವರ್ಷಗಳಲ್ಲಿ ಯಾವ ಡಾಕ್ಟರೂ ಕೇಳಿರದ ಪ್ರಶ್ನೆ ಅದು. ಅವಳು ತಲೆವಸ್ತ್ರವನ್ನು ಮುಂದಕ್ಕೆಳೆದುಕೊಂಡಳು. ಅದ್ದುವೇ ಹೇಳಿದ, ನಡುವೆ ತೂತು ಕೊರೆದ ಎತ್ತರದ ಮರದ ಸ್ಟೂಲು ಮಾಡಿಸಿಟ್ಟಿದ್ದೇವೆ ಎಂದು. ಮನೆಬಿಟ್ಟು ಎಲ್ಲಿಗೂ ಹೋಗಿ ಉಳಿಯದಿರುವುದಕ್ಕೆ ಅದೇ ಕಾರಣ ಎಂಬುದನ್ನು ಅವನು ಹೇಳಲಿಲ್ಲ.

"ಆಗ ರೋಗವನ್ನು ನಿಲ್ಲಿಸುದೇ ದೊಡ್ಡ ಸಂಗತಿ ಆಗಿತ್ತು" ಎಂದರು ಡಾಕ್ಟರು. "ಕುರ್ಚಿಯಲ್ಲಿ ಕೂರುವ ದೇಶದವರು ಕಂಡುಹಿಡಿದ ಆಪರೇಷನ್ ಇದು. ಈಗ ಬೇರೊಂದು ಮಾಡ್ತೇವೆ. ಕೂಡಿದ ಜಾಗದಲ್ಲಿ ಎಲುಬು ಕಡಿದು ಸ್ವಲ್ಪ ತೆಗೆದುಬಿಡುದು. ಸಂದು ಸಡಿಲವಾಗ್ತದೆ. ಕೂರಬಹುದು, ಕಾಲು ಮಡಚಬಹುದು. ಆದರೆ ಕಾಲು ಇನ್ನಷ್ಟು ಗಿಡ್ಡ ಆಗ್ತದೆ. ಈಗಿನ ಹಾಗೆ ಗಟ್ಟಿಯಾಗಿ ನಿಲ್ಲಲಿಕ್ಕೆ ಆಗ್ಲಿಕ್ಕಿಲ್ಲ. ಕೋಲು ಬೇಕಾಗ್ತದೆ."

"ಬೆನ್ನುನೋವು?"

"ಕಡಿಮೆ ಆಗಬಹುದು. ಖಂಡಿತ ಎಂದು ಹೇಳುವವನಲ್ಲ ನಾನು." ಅವರು ಮುಂದುವರಿಸಿದರು. "ಕಲ್ಲುಗುಂಡಿಯಲ್ಲಿ ಒಬ್ಬರಿದ್ದಾರೆ, ನಿಮ್ಮ ಹಾಗೆಯೇ ಚಿಕ್ಕಂದಿನಲ್ಲಿ ಇಲ್ಲೇ ಆಪರೇಷನ್ ಆದವರು. ಹೋದ ವರ್ಷ ಅವರಿಗೆ ಸಂದು ಬಿಡಿಸಿದ್ದೇವೆ. ಒಮ್ಮೆ ಮಾತಾಡಿ ನೋಡಿ. ನಾನು ಹೇಳುದಕ್ಕಿಂತ ಅವರು ಹೇಳುದು ಒಳ್ಳೆದು. ಶೀಲಾವತಿ ಎಂದು ಹೆಸರು."

ಹಿಂದೆ ಬರುವಾಗ ಪುತ್ತೂರಿನ ತವರಿಗೆ ಹೊಕ್ಕರು, ಅಲ್ಲಿ ಸುದ್ದಿ ತಿಳಿದ ಕದೀಜಮ್ಮ ಮಗಳನ್ನು ತಡೆದಳು. ಕುಂಞಿ ಮೋನು ತೀರಿಕೊಂಡು ಎರಡು ವರ್ಷವಾಗಿತ್ತು. "ಬೇಡ ಮಗಳೇ. ಆ ಪ್ಲಾಸ್ಟರಿನೊಳಗೆ ನಿನ್ನನ್ನು ಇನ್ನೊಮ್ಮೆ ನೋಡಲಿಕ್ಕೆ ನನ್ನಿಂದಾಗುದಿಲ್ಲ" ಎಂದಳು.

"ನಾನು ಕೂರುದನ್ನು ನೋಡಬೇಕೆಂದು ಇಲ್ಲವಾ ನಿಮಗೆ?"

ಕದೀಜಮ್ಮ ಎದ್ದು ಒಳಗೆ ಹೋದಳು. ಕೇಳಬಾರದಿತ್ತು ಎಂದು ಮೈಮೂನಾಳಿಗೆ ಅನ್ನಿಸಿತು. ಆದರೆ ಸಮಾಧಾನ ಹೇಳಲು ಹಿಂದೆ ಹೋಗುವಷ್ಟು ಶಕ್ತಿ ಆ ಸಂಜೆ ಅವಳಲ್ಲಿರಲಿಲ್ಲ.

ಮಾರನೆಯ ವಾರ ಗಂಡಹೆಂಡತಿ ಸುಳ್ಯದ ಬಸ್ಸು ಹಿಡಿದು, ಅಲ್ಲಿಂದ ಮಡಿಕೇರಿ ಕಡೆಯ ಬಸ್ಸಿನಲ್ಲಿ ಕಲ್ಲುಗುಂಡಿಗೆ ಇಳಿದರು. ಮಾರ್ಗದ ಬದಿಯಲ್ಲೇ ಮನೆ. ಅಂಗಳದಲ್ಲಿ ಒಬ್ಬಳು ಹೆಂಗಸು ನೆಲದಲ್ಲಿ ಕೂತು, ಕಾಲು ಮಡಚಿ, ಗೆರಸೆಯಲ್ಲಿ ಹುರುಳಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೋಲು. ಮೈಮೂನಾಳಿಗೆ ಮುಖದ ಗುರುತು ಹತ್ತಲಿಲ್ಲ.

"ಯಾರು? ಒಳಗೆ ಬನ್ನಿ, ಅತ್ತೆ ತೋಟಕ್ಕೆ ಹೋಗಿದ್ದಾರೆ" ಎಂದಳು ಆ ಹೆಂಗಸು, ತುಳುವಿನಲ್ಲಿ.

ಸ್ವರ ಕೇಳಿದ ಕೂಡಲೇ ಮೈಮೂನಾ ನಿಂತಲ್ಲೇ ನಿಂತಳು. ದಪ್ಪಗಾಗಿತ್ತು, ಆದರೆ ಅದೇ ಸ್ವರ. "ಶೀಲಾವತಿ, ನಿನಗೆ ಈಗಲೂ ಹಸಿವೆಯಾ?" ಎಂದು ಕೇಳಿದಳು.

ಶೀಲಾವತಿ ಗೆರಸೆ ಕೆಳಗಿಟ್ಟಳು. ಕಣ್ಣು ಮುಚ್ಚಿದಳು, ಸ್ವರವನ್ನು ಹುಡುಕುವವಳಂತೆ. "ಪುತ್ತೂರಿನ ಬ್ಯಾರ್ದಿ" ಎಂದಳು.

ಅದ್ದು ಮಾರ್ಗದ ಬದಿಯ ಅಂಗಡಿಗೆ ಹೋದ. ಶೀಲಾವತಿ ಜಗಲಿಯಲ್ಲಿದ್ದ ಎತ್ತರದ ಸ್ಟೂಲನ್ನು ತೋರಿಸಿದಳು. ಅದು ಅವಳದೇ, ಹಳೆಯದು. ಮೈಮೂನಾ ಅದರ ಅಂಚಿಗೆ ಆನಿಕೊಂಡಳು. ಶೀಲಾವತಿ ತನ್ನ ಕತೆ ಹೇಳಿದಳು. ಮದುವೆಯಾಗಿ ಬಂದದ್ದೂ ಕಲ್ಲುಗುಂಡಿಯದೇ ಮನೆಗೆ. ಮದುವೆಯ ದಿನ ಹಸೆಮಣೆಯ ಮೇಲೆ ಕೂರಲಾಗದೆ ಬೆಂಚಿನ ಮೇಲೆ ಕೂತದ್ದನ್ನು ಇವತ್ತಿಗೂ ಜನ ಹೇಳುತ್ತಾರಂತೆ. ಅತ್ತೆ ದುಗ್ಗಮ್ಮ ಕೆಟ್ಟವರಲ್ಲ, ಆದರೆ ಗದ್ದೆಯಲ್ಲಿ ನಟ್ಟಿಗೆ ಬಗ್ಗಲಾಗದ, ಹಾಲು ಕರೆಯಲು ಕೂರಲಾಗದ ಸೊಸೆಯನ್ನು ನೋಡಿ ನೋಡಿ ಅವರಿಗೂ ಸಾಕಾಗಿತ್ತು. ಹಾಗೆ ಎರಡನೆಯ ಆಪರೇಷನ್ನಿಗೆ ಒಪ್ಪಿದ್ದು.

"ಈಗ ಹಾಲು ಕರೆಯುತ್ತಿಯಾ?"

"ಕರೆಯುತ್ತೇನೆ. ಆದರೆ ಚೆಂಬು ಹಿಡಿದುಕೊಂಡು ಹಟ್ಟಿಯಿಂದ ಮನೆವರೆಗೆ ಬರಲಿಕ್ಕೆ ಆಗುದಿಲ್ಲ. ಒಂದು ಕೈಯಲ್ಲಿ ಕೋಲು, ಹೆಜ್ಜೆಹೆಜ್ಜೆಗೆ ಹೊಯ್ದಾಟ, ಹಾಲು ಚೆಲ್ಲುತ್ತದೆ. ಯಾರಾದರೂ ಬಂದು ತೆಗೆದುಕೊಂಡು ಹೋಗಬೇಕು." ಅವಳು ತೊಡೆಯನ್ನು ಒತ್ತಿಕೊಂಡಳು. "ನಿಂತರೆ ಕಾಲು ಒಳಗೆ ಇಳಿದ ಹಾಗೆ ಆಗ್ತದೆ, ಕೆಸರಲ್ಲಿ ಹುಗಿದ ಕಂಬದ ಹಾಗೆ."

"ಮಾಡಿಸಿದ್ದು ಒಳ್ಳೆದಾಯ್ತಾ, ಇಲ್ಲವಾ? ನನಗೆ ಅಷ್ಟು ಹೇಳು ಮಾರಾಯ್ತಿ."

ಶೀಲಾವತಿ ಯೋಚಿಸಿದಳು. "ಬೆಳಗ್ಗೆ ಕೇಳಿದರೆ ಒಳ್ಳೆದಾಯ್ತು ಎನ್ನುವೆ. ಕೂತು ಉಣ್ಣುತ್ತೇನೆ, ಮಗ್ಗುಲಿಗೆ ಮುದುಡಿ ಮಲಗುತ್ತೇನೆ. ಮೊದಲ ಸಲ ಹಾಗೆ ಮಲಗಿದಾಗ ನಿದ್ದೆ ಮಾಡದೆ ಸುಮ್ಮನೆ ಮುದುಡಿಕೊಂಡೇ ಇದ್ದೆ, ಅಷ್ಟು ಸುಖ. ಸಂಜೆ ಕೇಳಿದರೆ ಬೇರೆ ಹೇಳಿಯೇನು. ನಡೆಯಲಿಕ್ಕೆ ಹೊಸದಾಗಿ ಕಲಿತೆ, ಮೂರನೆಯ ಸಲ. ಹುಟ್ಟಿದ ಮೇಲೆ ಒಮ್ಮೆ, ಪ್ಲಾಸ್ಟರು ಒಡೆದ ಮೇಲೆ ಒಮ್ಮೆ, ಈಗ ಒಮ್ಮೆ. ಈ ಸಲ ಸರಿಯಾಗಿ ಬರಲೇ ಇಲ್ಲ."

ಅವಳು ಏಳಲು ಹೊರಟಳು, ಚಾ ಮಾಡಲಿಕ್ಕೆ. ಕೋಲು ಊರಿ, ಇನ್ನೊಂದು ಕೈ ನೆಲಕ್ಕೆ ಕೊಟ್ಟು, ಮುಖ ಕೆಂಪಾಗಿಸಿಕೊಂಡು ಏಳುವುದನ್ನು ಮೈಮೂನಾ ನೋಡಿದಳು. ಅವಳ ಕೈ ತನ್ನಿಂದ ತಾನೇ ಮುಂದೆ ಹೋಯಿತು. "ಬೇಡ, ಅಭ್ಯಾಸ ಉಂಟು" ಎಂದಳು ಶೀಲಾವತಿ.

ಹಿಂದೆ ಬರುವಾಗ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಪುತ್ತೂರಿನ ಬಸ್ಸಿಗೆ ಕಾಯಬೇಕಾಯಿತು. ಅದ್ದು ಬೀಡಿ ಹಚ್ಚಿದ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ಎಂತ ಮಾಡುದು?" ಅವನು ಕೇಳಿದ. "ಹೋಟೆಲಿನ ಚಿಂತೆ ಬೇಡ. ರೊಟ್ಟಿ ಇಲ್ಲದಿದ್ದರೆ ಜನ ಬನ್ನು ತಿಂತಾರೆ."

ಮಗ್ಗುಲಿಗೆ ಮುದುಡಿ ಮಲಗುವ ಆ ಸುಖದ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದು ಬೇಕಿತ್ತು. ತೀರಾ ಬೇಕಿತ್ತು. ಆದರೆ ಅದಕ್ಕಾಗಿ ಮತ್ತೆ ಮಂಚ, ಮತ್ತೆ ತೂಗುಭಾರ, ಮತ್ತೆ ಒಣಗಿದ ಕಾಲು, ಮತ್ತೆ ಮೊದಲ ಹೆಜ್ಜೆ. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕೆ ಬೇಕಾದ ಆಸೆ ಎಲ್ಲಿಂದಲೋ ಬಂದಿತ್ತು. ಈಗ ತಡವಿ ನೋಡಿದರೆ ಒಳಗೆ ಅಷ್ಟು ಉಳಿದಿರಲಿಲ್ಲ.

"ಬೇಡ" ಎಂದಳು. "ಇನ್ನೊಂದು ಮೈಯನ್ನು ಹೊಸತಾಗಿ ಕಲಿಯುವಷ್ಟು ತ್ರಾಣ ನನ್ನಲ್ಲಿಲ್ಲ. ಇದರ ನೋವಾದರೆ ನನಗೆ ಗೊತ್ತುಂಟು."

"ಆಯ್ತು" ಎಂದ ಅದ್ದು. ಸ್ವಲ್ಪ ಹೊತ್ತಿನ ಮೇಲೆ, "ಮನಸ್ಸು ಬದಲಾದರೆ ಹೇಳು" ಎಂದು ಸೇರಿಸಿದ.

ಬದಲಾಗಲಿಲ್ಲ ಎಂದು ಹೇಳಲಾಗದು. ಮಗಳು ಹವ್ವಮ್ಮ ಚಾಪೆಯಲ್ಲಿ ಕೂತು ಕಲ್ಲಾಟ ಆಡುವಾಗ, ನೋಂಬು ಬಿಡುವ ಹೊತ್ತಿಗೆ ಎಲ್ಲರೂ ತಳಿಗೆಯ ಸುತ್ತ ಕೂರುವಾಗ, ಎಷ್ಟೋ ಸಲ ಬದಲಾಗಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಮಂಗಳೂರಿಗೆ ಹೋಗಿ ಡಾಕ್ಟರಿಗೆ ತಿಳಿಸಿದಳು. ಅವರು ಒತ್ತಾಯ ಮಾಡಲಿಲ್ಲ. ಗಿಡ್ಡ ಕಾಲಿಗೆ ಅಟ್ಟೆ ದಪ್ಪವಿರುವ ಚಪ್ಪಲಿ ಮಾಡಿಸಲು ಹೇಳಿದರು, ಬೆನ್ನಿಗೆ ಪಟ್ಟಿ ಕೊಟ್ಟರು. ಚಪ್ಪಲಿಯಿಂದ ಸ್ವಲ್ಪ ಹಗುರವಾಯಿತು. ಸಂಜೆಯ ನೋವು ಹೋಗಲಿಲ್ಲ, ಬೆಳಗ್ಗಿನದು ಕೆಲವು ದಿನ ಬರುವುದನ್ನು ಮರೆಯುತ್ತಿತ್ತು. ರೊಟ್ಟಿಯ ಲೆಕ್ಕ ಅರ್ಧಕ್ಕೆ ಇಳಿಯಿತು. ಮಧ್ಯಾಹ್ನದ ಮೇಲೆ ಅವಳು ಮಲಗತೊಡಗಿದಳು. ಅದ್ದು ನಿಜವಾಗಿಯೂ ಬನ್ನು ತರಿಸಿದ.

ವರ್ಷಕ್ಕೊಮ್ಮೆ ಎಕ್ಸ್‌ರೇಗೆ ಬರಲು ಡಾಕ್ಟರು ಹೇಳಿದ್ದರು. ಅರುವತ್ತೊಂಬತ್ತರಲ್ಲಿ ಹೋದಾಗ, ಕಲಿಯುವ ಹುಡುಗರಿಗೆ ತೋರಿಸಬಹುದೇ ಎಂದು ಅವಳಲ್ಲಿ ಕೇಳಿದರು. ಅದ್ದು ಅವಳ ಮುಖ ನೋಡಿದ. ಅವಳು ಆಗಬಹುದೆಂದು ತಲೆಯಾಡಿಸಿದಳು. ಬಿಳಿ ಕೋಟಿನವರು ಮಂಚದ ಸುತ್ತ ನಿಂತರು. ಒಬ್ಬೊಬ್ಬರಾಗಿ ಕಾಲನ್ನು ಎತ್ತಿ, ತಿರುಗಿಸಲು ನೋಡಿ, ಎಲುಬು ಎಷ್ಟು ಗಟ್ಟಿ ಕೂಡಿದೆ ಎಂದು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಕನ್ನಡಕ ಹಾಕಿದ ಒಬ್ಬಳು ಹುಡುಗಿ ಮಾತ್ರ ಬಗ್ಗಿ ಕೇಳಿದಳು. "ನೋವುಂಟಾ ಅಕ್ಕ?"

"ಕಾಲಲ್ಲಿ ಇಲ್ಲ" ಎಂದಳು ಮೈಮೂನಾ.

ಸಂಜೆಯ ಬಸ್ಸಿನಲ್ಲಿ ಹಿಂದಿನ ಸಾಲಿನ ನಡುವಿನ ಸೀಟು ಸಿಕ್ಕಿತು. ಬಲಗಾಲನ್ನು ಓಡಾಡುವ ಜಾಗಕ್ಕೆ ಚಾಚಿಕೊಂಡಳು. ಮೀನಿನ ಬುಟ್ಟಿ ಹಿಡಿದವರು, ಮಗು ಎತ್ತಿಕೊಂಡವರು ಹತ್ತಿದರು. ಕಂಡಕ್ಟರು "ಕಾಲು ಉಂಟು, ನೋಡಿ ಬನ್ನಿ" ಎನ್ನುತ್ತ ಅವರನ್ನು ದಾಟಿಸಿದ. ಪಾಣೆಮಂಗಳೂರಿನ ಸೇತುವೆ ಬರುವ ಮೊದಲೇ ಅವಳ ತಲೆ ಅದ್ದುವಿನ ಭುಜಕ್ಕೆ ವಾಲಿತು. ಚಪ್ಪಲಿ ಕಾಲಿನಿಂದ ಜಾರಿತ್ತು. ಅವನು ಮೆಲ್ಲಗೆ ಬಗ್ಗಿ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡ, ಅವಳನ್ನು ಎಬ್ಬಿಸಲಿಲ್ಲ.